ಕಿವಿಯೊಳಗಿನ ಮೇಡಂ

ನರ್ಸಿಂಗ್ ಕಾಲೇಜಿನಲ್ಲಿ ಅವರಿಗೆ ಬಿದ್ದಿದ್ದ ಹೆಸರು ‘ತಪ್ಪು ಮೇಡಂ’. ಎದುರಿಗೆ ಹಾಗೆ ಕರೆಯುವ ಧೈರ್ಯ ಪ್ರಿನ್ಸಿಪಾಲರಿಗೂ ಇರಲಿಲ್ಲ, ಎಲ್ಲ ಬೆನ್ನ ಹಿಂದಿನ ಸಡಗರ. ಮೇಡಂಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಮುಖ ಬಿಗಿದುಕೊಂಡು ಓಡಾಡುತ್ತಿದ್ದರು, ಒಳಗೊಳಗೇ ಖುಷಿಪಡುತ್ತಿದ್ದರು. ಔಷಧಿಯ ಅಳತೆಯ ಲೆಕ್ಕ ಕಲಿಸುವುದು ಅವರ ಕೆಲಸ. ಡಾಕ್ಟರು ಬರೆದದ್ದು ಇಷ್ಟು, ಬಾಟಲಿಯಲ್ಲಿ ಇರುವುದು ಇಷ್ಟು, ಹಾಗಾದರೆ ಸಿರಿಂಜಿಗೆ ಎಳೆದುಕೊಳ್ಳಬೇಕಾದದ್ದು ಎಷ್ಟು? ಕೇಳಿದರೆ ಪ್ರೈಮರಿ ಶಾಲೆಯ ಮಕ್ಕಳೂ ನಕ್ಕುಬಿಡುವ ಲೆಕ್ಕ. ಆದರೆ ಶಾಲೆಯಲ್ಲಿ ತಪ್ಪಿದರೆ ಮಾರ್ಕು ಹೋಗುತ್ತದೆ, ಇಲ್ಲಿ ತಪ್ಪಿದರೆ ಮನುಷ್ಯನೇ ಹೋಗುತ್ತಾನೆ. ಅಷ್ಟೇ ವ್ಯತ್ಯಾಸ.

ಈ ಹೆಸರು ಬಂದ ಕಥೆಯೂ ಇದೆ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ನೆಗಡಿ ಹಿಡಿದು ತಲೆ ಗಿರ್ರೆನ್ನುತ್ತಿತ್ತು. ಆ ಮಂಪರಿನಲ್ಲಿ ಬೋರ್ಡಿನ ಮೇಲೆ ದಶಮಾಂಶದ ಪಾಯಿಂಟನ್ನು ಇಡಬೇಕಾದ ಜಾಗ ಬಿಟ್ಟು ಇನ್ನೆಲ್ಲೋ ಇಟ್ಟರು. ಇಡೀ ಕ್ಲಾಸು ಅದನ್ನು ಹಾಗೆಯೇ ಬರೆದುಕೊಂಡಿತು. ಬರೆದುಕೊಂಡಿದ್ದಷ್ಟೇ ಅಲ್ಲ, ಬಣ್ಣದ ಪೆನ್ನಿನಲ್ಲಿ ಸುತ್ತಲೂ ಚೌಕ ಬೇರೆ ಹಾಕಿಕೊಂಡಿತು. ಮರುದಿನ ತಮ್ಮ ತಪ್ಪು ತಮಗೇ ಕಂಡು ಮೇಡಂ ಹೌಹಾರಿ, “ಯಾಕ್ರೇ, ಒಬ್ಬರಿಗೂ ಗೊತ್ತಾಗಲಿಲ್ವಾ?” ಎಂದು ಕೇಳಿದರು. ಮುಂದಿನ ಬೆಂಚಿನ ಜಾಣೆಯೊಬ್ಬಳು ಬಹಳ ವಿನಯದಿಂದ ಎದ್ದು ನಿಂತು, “ಗೊತ್ತಾಯ್ತು ಮೇಡಂ. ಆದ್ರೆ ನೀವೇ ಬರೆದಿದ್ರಲ್ಲ” ಎಂದಳು. ಆ ವಿನಯ ಕಂಡು ಮೇಡಂಗೆ ಮೈ ಉರಿದುಹೋಯಿತು.

ಅಲ್ಲಿಂದಾಚೆಗೆ ಶುರುವಾಯಿತು ನೋಡಿ. ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ತಪ್ಪು ಮಾಡುವುದು, ಸೀಮೆಸುಣ್ಣ ಕೆಳಗಿಟ್ಟು ಕೈಕಟ್ಟಿಕೊಂಡು ಕಾಯುವುದು. ತಾವಾಗಿ ಮಾತ್ರ ಬಾಯಿ ಬಿಡುವುದಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿರುತ್ತದೆ, ಯಾರೋ ಗಡಿಯಾರ ನೋಡುತ್ತಾರೆ, ಯಾರೋ ಸುಮ್ಮನೆ ಕೆಮ್ಮುತ್ತಾರೆ. ಆಮೇಲೆ ಎಲ್ಲೋ ಒಂದು ಪೆನ್ನು ನಿಲ್ಲುತ್ತದೆ, ಒಂದು ಹುಬ್ಬು ಗಂಟಿಕ್ಕುತ್ತದೆ. “ಮೇಡಂ, ಅದು…” “ಯಾವುದು?” “ಆ ಪಾಯಿಂಟು…” ಆಗ ಮೇಡಂ ಮುಖ ಅರಳುವುದನ್ನು ನೋಡಬೇಕಿತ್ತು. “ಬದುಕಿಕೊಂಡ ನೋಡ್ರೇ ರೋಗಿ!” ಎಂದು ಮೇಜು ಗುದ್ದುತ್ತಿದ್ದರು. ಬೆಲ್ಲು ಹೊಡೆಯುವವರೆಗೂ ಯಾರೂ ಹಿಡಿಯದಿದ್ದರೆ ಮಾತ್ರ, “ಸತ್ತ. ಮನೆಯವರಿಗೆ ಹೇಳೋಕೆ ಯಾರು ಹೋಗ್ತೀರಿ?” ಎಂದು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ಹೊರಟುಹೋಗುತ್ತಿದ್ದರು. ಹುಡುಗಿಯರು ಹಲ್ಲು ಕಡಿಯುತ್ತಿದ್ದರು. ಆದರೂ ಆ ಕ್ಲಾಸಿನಲ್ಲಿ ಕೂತವರಲ್ಲಿ ಯಾರೂ ಲೆಕ್ಕ ಮರೆಯಲಿಲ್ಲ.

ಮೇಡಂ ಗಂಡ ಬಸ್ ಡ್ರೈವರಾಗಿ ರಿಟೈರಾದವರು. ಇಷ್ಟು ವರ್ಷ ಹಾರ್ನಿನಲ್ಲಿ ಆಡಿದ್ದನ್ನೆಲ್ಲ ಈಗ ಬಾಯಲ್ಲಿ ಆಡುತ್ತಿದ್ದರು. “ನಮ್ಮ ಟೀಚರಮ್ಮ ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟು, ನಾನು ಕಂಡುಹಿಡೀತೀನಾ ಇಲ್ವಾ ಅಂತ ಬಾಗಿಲಲ್ಲಿ ಕಾಯ್ತಾ ನಿಂತಿರ್ತಾಳೆ” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು. ಸಕ್ಕರೆ ಮರೆತದ್ದು ಒಂದೇ ಒಂದು ಸಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಪ್ರಿನ್ಸಿಪಾಲರು ಎಲ್ಲಿಯೋ ಒಂದು ಮೀಟಿಂಗಿಗೆ ಹೋಗಿ ಬಂದರು. ಮೀಟಿಂಗಿಗೆ ಹೋಗಿ ಬಂದ ಪ್ರಿನ್ಸಿಪಾಲರಿಂದ ದೇವರೇ ಕಾಪಾಡಬೇಕು. ಅವರ ಕಿವಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಬಿಳಿ ಗುಂಡಿ ಕೂತಿತ್ತು. ಅಂಗಡಿಗಳಲ್ಲಿ ಹಾಡು ಕೇಳಲೆಂದು ಮಾರುವ ಅದೇ ಗುಂಡಿ. ಕಾಲೇಜಿನ ಹುಡುಗಿಯರು ಅದನ್ನು ತೆಗೆಯದೆಯೇ ಮಲಗುವ ಕಾಲ ಬಂದಾಗಿತ್ತು. ಈಗ ಕಂಪನಿಯವರು ಅದರೊಳಗೆ ಹಾಡಿನ ಜೊತೆಗೆ ಮೇಷ್ಟ್ರನ್ನೂ ಕೂರಿಸಿದ್ದರು. ಕೇಳಿದಾಗ ಹೇಳುತ್ತದೆ, ಕೇಳದಿದ್ದರೂ ಹೇಳುತ್ತದೆ.

“ಇನ್ಮೇಲೆ ಕಲಿಯೋದು ಅಂದ್ರೆ ಕ್ಲಾಸಲ್ಲಿ ಕೂರೋದಲ್ಲ ಮೇಡಂ” ಎಂದರು ಪ್ರಿನ್ಸಿಪಾಲರು, ಕಣ್ಣು ಅರ್ಧ ಮುಚ್ಚಿಕೊಂಡು. “ಕಲಿಕೆ ಹರೀತಾ ಇರುತ್ತೆ.”

“ಎಲ್ಲಿಗೆ ಸರ್?”

“ಎಲ್ಲಾ ಕಡೆಗೂ!”

“ನಲ್ಲಿ ತಿರುಗಿಸಿ ಬಿಟ್ರೂ ಹಾಗೇ ಆಗುತ್ತೆ ಸರ್.”

ಪ್ರಿನ್ಸಿಪಾಲರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಯಲ್ಲಿ ಜಾಗವೇ ಇರಲಿಲ್ಲವಲ್ಲ. “ನಿಮ್ಮ ದನೀನೇ ಬೇಕಂತೆ ಅವರಿಗೆ. ಅಷ್ಟು ಸ್ಪಷ್ಟವಾದ ದನಿ ಎಲ್ಲೂ ಸಿಗಲ್ಲ ಅಂದ್ರು. ಒಂದು ಸಲ ಪಾಠ ಹೇಳಿಕೊಟ್ರೆ ಸಾಕು, ಆಮೇಲೆ ಅದೇ ನಿಮ್ಮ ದನೀಲಿ ಮಾತಾಡುತ್ತಂತೆ. ನೀವು ರಿಟೈರಾಗಬಹುದು ಮೇಡಂ, ನಿಮ್ಮ ಪಾಠಕ್ಕೆ ರಿಟೈರ್‌ಮೆಂಟೇ ಇಲ್ಲ” ಎಂದರು. ನಲ್ಲಿಯ ಮಾತೆಲ್ಲ ಮೇಡಂಗೆ ಅಲ್ಲಿಯೇ ಮರೆತುಹೋಯಿತು. ಹೊಗಳಿಕೆ ಯಾರಿಗೆ ಬೇಡ ಹೇಳಿ? ರೆಕಾರ್ಡಿಂಗಿನ ದಿನ, ತೆಗೆದುಕೊಳ್ಳುವುದು ಬರೀ ದನಿಯನ್ನು ಎಂದು ಗೊತ್ತಿದ್ದೂ, ತಲೆಗೂದಲಿಗೆ ಬಣ್ಣ ಹಚ್ಚಿಕೊಂಡು ಹೋದರು.

ರೆಕಾರ್ಡಿಂಗ್ ಕೋಣೆ ಎಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಗೂಡು. ಗಾಜಿನ ಆಚೆ ರೆಕಾರ್ಡಿಂಗಿನವನು ಕೂತಿದ್ದ. ಹೊಟ್ಟೆಯ ಮೇಲೆ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡ ದಢೂತಿ ಆಸಾಮಿ, ಜೀವಮಾನವೆಲ್ಲ ಬೇರೆಯವರ ಕೆಮ್ಮು ಕತ್ತರಿಸುತ್ತ ಬಂದವನು. ಮೇಡಂ ಪಾಠ ಶುರುಮಾಡಿದರು. “ಡಾಕ್ಟರು ಐದು ಮಿಲಿಗ್ರಾಂ ನೋವಿನ ಔಷಧಿ ಬರೆದಿದ್ದಾರೆ. ಬಾಟಲಿಯಲ್ಲಿ ಒಂದೊಂದು ಎಂಎಲ್‌ಗೂ ಹತ್ತು ಮಿಲಿಗ್ರಾಂ ಇದೆ. ಹಾಗಾದರೆ ಸಿರಿಂಜಿಗೆ ಎಷ್ಟು ಎಳೀಬೇಕು? ಐದು ಎಂಎಲ್.” ಅಷ್ಟು ಹೇಳಿ, ಅಭ್ಯಾಸಬಲ ನೋಡಿ, ಕೈಕಟ್ಟಿಕೊಂಡು ಕೂತುಬಿಟ್ಟರು.

ಕೋಣೆಯಲ್ಲಿ ನಿಶ್ಶಬ್ದ. ಹಿಡಿಯುವವರು ಇದ್ದರೆ ತಾನೆ ಹಿಡಿಯುವುದು? ರೆಕಾರ್ಡಿಂಗಿನವನು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. ಮೇಡಂ ಮುಂದಿನ ಮಾತು ಮರೆತಿರಬೇಕು, ವಯಸ್ಸಾದವರು ಪಾಪ ಎಂದುಕೊಂಡು, ಮುಂದುವರಿಸಿ ಎಂದು ಕೈಸನ್ನೆ ಮಾಡಿದ. ಮೇಡಂ ಅಲ್ಲಾಡಲಿಲ್ಲ. ಅವನು ಮತ್ತೆ ಕೈ ಬೀಸಿದ. ಕೊನೆಗೆ ಮೇಡಂ ತಾಳ್ಮೆ ಕೆಟ್ಟಿತು. ಕಣ್ಣಮುಂದೆ ಇದ್ದವನು ಅವನೊಬ್ಬನೇ ಆದ್ದರಿಂದ ಅವನನ್ನೇ ನೋಡುತ್ತ, ತರಗತಿಯಲ್ಲಿ ಗುಡುಗುವ ದನಿಯಲ್ಲಿಯೇ, “ತಪ್ಪು! ಕಣ್ಣು ಬಿಟ್ಟುಕೊಂಡು ಕೂತಿದ್ದೀರಲ್ಲ, ಇಷ್ಟೂ ಗೊತ್ತಾಗಲ್ವಾ? ಐದಲ್ಲ, ಅರ್ಧ! ಅರ್ಧ ಎಂಎಲ್! ಐದು ಕೊಟ್ಟರೆ ರೋಗಿ ಉಸಿರು ನಿಂತು ಹೋಗ್ತಾನೆ!” ಎಂದು ರೇಗಿದರು. ಆಮೇಲೆ ಸಮಾಧಾನವಾಗಿ ಮುಂದಿನ ಪಾಠಕ್ಕೆ ಹೋದರು.

ರೆಕಾರ್ಡಿಂಗಿನವನ ಮುಖ ಬಾಡಿಹೋಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ಯಾರೂ ಮುಖದ ಮೇಲೆ ಬೈದಿರಲಿಲ್ಲವಂತೆ. ಆದರೂ ಅವನು ಒಳ್ಳೆಯವನು, ಅದೇ ಬಂದದ್ದು ಕಷ್ಟ. ದೊಡ್ಡವರು ಸಿಟ್ಟಿನಲ್ಲಿ ಆಡಿದ ಮಾತು ಹೊರಗೆ ಹೋದರೆ ಅವರ ಮರ್ಯಾದೆಯೇ ಹೋಗುತ್ತದೆ ಎಂದು ಕನಿಕರಪಟ್ಟು, ಆ ಸುದೀರ್ಘ ಮೌನವನ್ನೂ ಆ ಬೈಗುಳವನ್ನೂ ಒಟ್ಟಿಗೆ ಕತ್ತರಿಸಿ ಎಸೆದ. ಉಳಿದದ್ದು ಐದು ಎಂಎಲ್.

ಪಾಠ ಸಿದ್ಧವಾದ ಮೇಲೆ ಒಂದು ಗುಂಡಿಯನ್ನು ಮೇಡಂಗೂ ಕಳಿಸಿದರು, ಎಲ್ಲ ಕೇಳಿ ನೋಡಿ ಒಪ್ಪಿಗೆ ಕೊಡಬೇಕೆಂದು. ಮೇಡಂ ಅದನ್ನು ಕಿವಿಗಿಟ್ಟುಕೊಂಡರು. “ನಮಸ್ಕಾರ, ನಾನು ನಿಮ್ಮ ಮೇಡಂ” ಎಂದಿತು. ದನಿ ತಮ್ಮದೇ, ಸಂಶಯವಿಲ್ಲ. ಆದರೆ ಕೆಮ್ಮಿಲ್ಲ, ಸಿಡುಕಿಲ್ಲ, ವಯಸ್ಸಿಲ್ಲ. ತಮಗೊಬ್ಬಳು ತಂಗಿ ಇದ್ದು, ಅವಳು ಯಾವುದೋ ಅನುಕೂಲಸ್ಥರ ಮನೆ ಸೇರಿ ಹಾಯಾಗಿದ್ದರೆ ಹೀಗೆ ಮಾತಾಡುತ್ತಿದ್ದಳೇನೋ. ಮೇಡಂ ಅಷ್ಟಕ್ಕೇ ಗುಂಡಿ ಕಿತ್ತು ಮೇಜಿನ ಖಾನೆಗೆ ಹಾಕಿದರು. ಮಾರನೆಯ ದಿನ ಪ್ರಿನ್ಸಿಪಾಲರು “ಎಲ್ಲಾ ಕೇಳಿದ್ರಾ ಮೇಡಂ?” ಎಂದಾಗ “ಹೂಂ, ಕೇಳಿದೆ” ಎಂದುಬಿಟ್ಟರು. ಜನ್ಮವಿಡೀ ಬೇರೆಯವರನ್ನು ತಪ್ಪು ಹುಡುಕಲು ಹಚ್ಚಿದವರಿಗೆ ತಮ್ಮದನ್ನು ಹುಡುಕಲು ಒಂದು ಮಧ್ಯಾಹ್ನ ಸಿಗಲಿಲ್ಲ.

ಕಾಲೇಜಿನ ರೂಪವೇ ಬದಲಾಯಿತು. ಬೆಂಚುಗಳು ಹೋದವು, ಮೆತ್ತನೆಯ ಸೋಫಾಗಳು ಬಂದವು. ಬೋರ್ಡು ಇದ್ದ ಗೋಡೆಯ ಮೇಲೆ ಸಾಲಾಗಿ ಚಾರ್ಜಿಂಗ್ ಪಾಯಿಂಟುಗಳು ಬಂದವು. ಹುಡುಗಿಯರು ಕಣ್ಣು ಮುಚ್ಚಿ ಒರಗಿರುತ್ತಿದ್ದರು. ಕಲಿಯುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ಯಾರಿಗೂ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ. ಮೇಡಂಗೆ ‘ಹಿರಿಯ ಧ್ವನಿ ಸಲಹೆಗಾರರು’ ಎಂಬ ಭಾರೀ ಪದವಿ ಕೊಟ್ಟು ಮೆಟ್ಟಿಲಿನ ಪಕ್ಕ ಒಂದು ಕುರ್ಚಿ ಹಾಕಿಸಿದರು. ಸಲಹೆ ಕೇಳಲು ಮಾತ್ರ ಯಾರೂ ಬರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಹಗಲೂ ರಾತ್ರಿ ಆ ದನಿಯನ್ನು ಕೇಳುತ್ತಿದ್ದರು, ಮೆಟ್ಟಿಲ ಪಕ್ಕದ ಮುಖವನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬಳಂತೂ ನಿಂತು, “ಅಮ್ಮ, ಟಾಯ್ಲೆಟ್ ಕೀ ನಿಮ್ಮ ಹತ್ರಾನಾ?” ಎಂದು ಕೇಳಿದಳು.

ಪರೀಕ್ಷೆಯೂ ಗುಂಡಿಯದೇ. ಪ್ರಶ್ನೆ ಕೇಳುವುದು ಅದೇ, ಉತ್ತರಕ್ಕೆ ಮಾರ್ಕು ಹಾಕುವುದೂ ಅದೇ. ರಿಸಲ್ಟ್ ಬಂದ ದಿನ ಪ್ರಿನ್ಸಿಪಾಲರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. “ಒಬ್ಬಳೂ ಫೇಲಿಲ್ಲ ಮೇಡಂ! ಒಬ್ಬಳೂ!”

“ಒಬ್ಬಳೂ ಡೌಟ್ ಕೇಳಲಿಲ್ವಾ ಸರ್?”

“ಡೌಟೇ ಇಲ್ವಲ್ಲ! ಅದೇ ಇದರ ಹೆಚ್ಚುಗಾರಿಕೆ!”

ಮೇಡಂ ತಮ್ಮ ಕುರ್ಚಿಗೆ ಹಿಂತಿರುಗಿದರು. ರಿಟೈರಾಗಲು ಇನ್ನೇನು ಸ್ವಲ್ಪ ಕಾಲ ಉಳಿದಿತ್ತು, ಯಾರ ಜೊತೆಗೂ ಜಗಳ ಬೇಡವೆನ್ನಿಸಿತ್ತು.

ಇಂಥ ಹೊತ್ತಿನಲ್ಲಿ ಮೇಡಂ ಗಂಡ ಸ್ಟೂಲಿನಿಂದ ಬಿದ್ದರು. ಫ್ಯಾನಿನ ಧೂಳು ಒರೆಸಲು ಹತ್ತಿದ್ದರಂತೆ. ಅಷ್ಟು ದೊಡ್ಡ ಬಸ್ಸನ್ನು ಎಲ್ಲೂ ಗುದ್ದಿಸದೆ ಓಡಿಸಿದವರು ಮೂರು ಕಾಲಿನ ಸ್ಟೂಲನ್ನು ಸಂಭಾಳಿಸಲಾರದೆ ತೊಡೆಯ ಮೂಳೆ ಮುರಿದುಕೊಂಡರು. ಕಾಲೇಜಿನದೇ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಆಯಿತು. ಅರಿವಳಿಕೆ ಇಳಿಯುತ್ತ ಬಂದ ಹಾಗೆ ನೋವು ಏರುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಮನುಷ್ಯ ಹಾಸಿಗೆಯ ಕಂಬಿ ಹಿಡಿದು, “ಟೀಚರಮ್ಮ, ಏನಾದ್ರೂ ಮಾಡಿಸೇ, ಆಗ್ತಾ ಇಲ್ಲ” ಎಂದು ಮುಲುಗತೊಡಗಿದರು. ಬಾಯಿ ತೆರೆದರೆ ತಮಾಷೆಯನ್ನೇ ಆಡುತ್ತಿದ್ದ ಗಂಡ ಹೀಗೆ ಅಂಗಲಾಚುವುದನ್ನು ಮೇಡಂ ಹಿಂದೆಂದೂ ಕೇಳಿರಲಿಲ್ಲ. ಅತ್ತು ಅತ್ತು ಅವರ ದನಿ ಒಡೆದುಹೋಯಿತು.

ಸಿರಿಂಜ್ ಟ್ರೇ ಹಿಡಿದು ಬಂದವಳು ಎರಡನೇ ವರ್ಷದ ಹುಡುಗಿ. ಒಬ್ಬಳೇ ಬಂದಳು. ಮೊದಲೆಲ್ಲ ಇಂಥ ಭಾರೀ ನೋವಿನ ಔಷಧಿ ಕೊಡಬೇಕಾದರೆ ಇಬ್ಬರು ನಿಂತು ಅಳತೆ ನೋಡಬೇಕೆಂಬ ಕಟ್ಟಳೆಯಿತ್ತು. ವಾರ್ಡಿನ ಹಿರಿಯ ಸಿಸ್ಟರು ರಿಟೈರಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಗುಂಡಿ ಇದೆಯಲ್ಲ, ಅದೇ ಎರಡನೇ ಕಣ್ಣು ಎಂದು ಆಡಳಿತದವರು ತೀರ್ಮಾನಿಸಿದ್ದರು. ಕಣ್ಣೇ ಇಲ್ಲದ್ದನ್ನು ಎರಡನೇ ಕಣ್ಣು ಎಂದ ಆ ಮಹಾನುಭಾವರಿಗೆ ಕೈ ಮುಗಿಯಬೇಕು. ಅಲ್ಲಿಯವರೆಗೆ ಈ ಔಷಧಿ ಒಬ್ಬ ರೋಗಿಗೆ ಒಂದರಂತೆ ಸಣ್ಣ ಸಣ್ಣ ಸೀಸೆಗಳಲ್ಲಿ ಬರುತ್ತಿತ್ತು, ಒಡೆದು ಕೊಟ್ಟರಾಯಿತು, ಲೆಕ್ಕದ ತಲೆನೋವು ಇರಲಿಲ್ಲ. ಅಂದು ಬೆಳಿಗ್ಗೆ ಮೊದಲ ಸಲ ದೊಡ್ಡ ಬಾಟಲಿಗಳು ಬಂದಿದ್ದವು.

ಹುಡುಗಿ ಬಾಟಲಿಗೆ ಸೂಜಿ ಚುಚ್ಚಿ ಎಳೆಯತೊಡಗಿದಳು. ತಲೆಯನ್ನು ಕೊಂಚ ವಾಲಿಸಿ, ಕಿವಿಯೊಳಗಿನ ಮಾತಿಗೆ ಹೂಂಗುಟ್ಟುತ್ತ ಎಳೆದಳು. ಎಳೆದಳು, ಇನ್ನೂ ಎಳೆದಳು. ಸಿರಿಂಜು ತುಂಬಿತು.

ಅದನ್ನು ನೋಡಿದ್ದೇ ತಡ, ಮೇಡಂ ಹಾರಿ ಅವಳ ಮುಂಗೈ ಹಿಡಿದುಕೊಂಡರು. “ಎಷ್ಟು ತಗೊಂಡೆ?”

“ಅಮ್ಮ, ಕೈ ಬಿಡಿ. ನೀವು ಸ್ವಲ್ಪ ಹೊರಗಿರಿ.”

“ಎಷ್ಟು?”

“ಐದು ಎಂಎಲ್. ಡಾಕ್ಟರು ಐದು ಬರೆದಿದ್ದಾರೆ.”

“ತಪ್ಪು!” ಎಂದರು ಮೇಡಂ. ಅತ್ತು ಒಡೆದಿದ್ದರಿಂದ ಅದು ಯಾರದೋ ದನಿಯ ಹಾಗೆ ಹೊರಟಿತು.

ಹುಡುಗಿಗೆ ಸಿಟ್ಟು ಬಂದಿರಬೇಕು. ಆದರೂ ಸಹನೆಯಿಂದಲೇ ಹೇಳಿದಳು. “ಇದೇ ಲೆಕ್ಕ ನಮ್ಮ ಪಾಠದಲ್ಲಿದೆ ಅಮ್ಮ. ಇದೇ ಬಾಟಲಿ, ಇದೇ ಅಳತೆ. ನಮ್ಮ ಮೇಡಮ್ಮೇ ಹೇಳಿಕೊಟ್ಟಿದ್ದಾರೆ.”

ಆಗ ಮೇಡಂಗೆ ಎಲ್ಲ ಹೊಳೆಯಿತು. ಸ್ಪಂಜಿನ ಗೋಡೆ, ಗಾಜಿನಾಚೆಯ ಬಾಡಿದ ಮುಖ, ತಾವು ಕೇಳದೆಯೇ “ಕೇಳಿದೆ” ಎಂದದ್ದು. “ಆ ಮೇಡಂ ನಾನೇ ಕಣಮ್ಮ” ಎಂದರು.

ಹುಡುಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಕೆದರಿದ ಕೂದಲು, ಅತ್ತು ಊದಿದ ಕಣ್ಣು, ಒಡಕು ದನಿ. ಹೀಗೆ ಹೇಳಿಕೊಂಡು ಬರುವವರನ್ನು ಏನು ಮಾಡಬೇಕೆಂದು ಪಾಠದಲ್ಲಿ ಇರಲಿಲ್ಲವೇನೋ, ಕಿವಿಯನ್ನೇ ಕೇಳಿದಳು. “ಮೇಡಂ, ಇಲ್ಲೊಬ್ರು ಅಮ್ಮ ನಾನೇ ಮೇಡಂ ಅಂತಿದ್ದಾರೆ. ಐದು ತಪ್ಪು ಅಂತಿದ್ದಾರೆ.” ಗುಂಡಿ ಉಸುರಿದ್ದು ಅಷ್ಟು ಹತ್ತಿರ ನಿಂತಿದ್ದ ಮೇಡಂಗೂ ತೆಳ್ಳಗೆ ಕೇಳಿಸಿತು. “ನಾನು ನಿಮ್ಮ ಮೇಡಂ. ನಿಮ್ಮ ಲೆಕ್ಕ ಸರಿಯಾಗಿದೆ. ಮುಂದುವರಿಸಿ.” ಎಂಥ ಇಂಪಾದ ದನಿ! ತಮ್ಮ ದನಿಯಲ್ಲಿಯೇ ತಮ್ಮ ಗಂಡನ ಸಾವಿಗೆ ಅಪ್ಪಣೆ ಆಗುತ್ತಿರುವುದನ್ನು ಮೇಡಂ ನಿಂತು ಕೇಳಿದರು.

“ಟೀಚರಮ್ಮ, ಜಗಳ ಆಮೇಲೆ ಆಡೇ” ಎಂದು ಹಾಸಿಗೆಯಿಂದ ಗಂಡ ನರಳಿದರು. “ಬೇಗ ಚುಚ್ಚಿಸು ಮಾರಾಯ್ತಿ!”

ಅರ್ಧ ಎಂಎಲ್ ಎಂದು ಕೂಗಿಬಿಡಲು ಮೇಡಂಗೆ ನಾಲಿಗೆಯ ತುದಿಗೆ ಬಂದಿತ್ತು. ಕೂಗಿ ಏನು ಪ್ರಯೋಜನ? ಈ ಮೇಡಂ ಅರ್ಧ ಎಂದರೆ ಆ ಮೇಡಂ ಐದು ಎನ್ನುತ್ತಾಳೆ. ಇಬ್ಬರ ನಡುವೆ ತೀರ್ಪು ಕೊಡಲು ಆ ಹುಡುಗಿಯ ಸ್ವಂತ ತಲೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡೇ, “ನನ್ನನ್ನ ನಂಬಬೇಡ. ಅವಳನ್ನೂ ನಂಬಬೇಡ. ಬಾಟಲಿ ಮೇಲೆ ಏನಿದೆ, ಓದು” ಎಂದರು.

“ಒಂದು ಎಂಎಲ್‌ಗೆ ಹತ್ತು ಮಿಲಿಗ್ರಾಂ.”

“ನಿನಗೆ ಬೇಕಾಗಿರೋದು?”

“ಐದು… ಮಿಲಿಗ್ರಾಂ.”

“ಮಾಡು ಲೆಕ್ಕ.”

ಹುಡುಗಿ ಸಿರಿಂಜು ಟ್ರೇಯಲ್ಲಿಟ್ಟು ಪೆನ್ನು ತೆಗೆದಳು. ಬರೆಯಲು ಏನೂ ಸಿಗದೆ ಅಂಗೈ ಮೇಲೆ ಬರೆದಳು. ಇಷ್ಟು ದಿನದಲ್ಲಿ ತಾನಾಗಿ ಹಾಕುತ್ತಿದ್ದ ಮೊದಲ ಲೆಕ್ಕ ಅದು. ಹತ್ತನ್ನು ಐದರಿಂದ ಭಾಗಿಸಿ, “ಎರಡು?” ಎಂದಳು. ಮೇಡಂ ಕಾದರು. ಗಂಡ ಕಂಬಿಗೆ ತಲೆ ಚಚ್ಚಿಕೊಳ್ಳುವವರ ಹಾಗೆ ಹೊರಳಾಡಿ, “ಅಯ್ಯೋ, ನಿನ್ನ ಪಾಠ ಮುಗಿಯೋದ್ರೊಳಗೆ ನನ್ನ ಪ್ರಾಣ ಹೋಗುತ್ತಲ್ಲೇ!” ಎಂದು ಕೂಗಿದರು. ಮೇಡಂ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಷ್ಟೋ ಸಾವಿರ ಸಲ ಕಾದಿದ್ದರು. ಅದು ಬೋರ್ಡಿನ ಮೇಲಿನ ರೋಗಿಗೆ. ಕಾಯುವುದು ಇಷ್ಟು ಘೋರ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಹುಡುಗಿ ಅಂಗೈಯನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ತುಂಬಿದ ಸಿರಿಂಜನ್ನು ನೋಡಿದಳು. ಬರೆದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ಮತ್ತೆ ಬರೆದಳು. ಪೆನ್ನು ನಿಂತಿತು. ಮುಖ ಬಿಳಿಚಿತು.

“ಅರ್ಧ” ಎಂದಳು. “ಬರೀ ಅರ್ಧ.”

ಮೇಡಂ ಅವಳ ಕೈ ಬಿಟ್ಟರು. ಅವಳು ಆ ಸಿರಿಂಜನ್ನು ಪಕ್ಕಕ್ಕೆಸೆದು, ಹೊಸದರಲ್ಲಿ ಅರ್ಧ ಎಂಎಲ್ ಎಳೆದು, ಬೆಳಕಿಗೆ ಹಿಡಿದು ಮೇಡಂಗೂ ತೋರಿಸಿ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಗಂಡನ ಬಿಗಿದ ಮುಷ್ಟಿ ಸಡಿಲವಾಯಿತು, ಉಸಿರು ಹದಕ್ಕೆ ಬಂತು. ಹುಡುಗಿ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದಳು. “ನಾನು ಇವರನ್ನ ಕೊಂದುಬಿಡ್ತಿದ್ದೆ.”

“ನೀನಲ್ಲ ಮಗು” ಎಂದರು ಮೇಡಂ. “ನಾನು.”

ಹುಡುಗಿ ಇದ್ದಕ್ಕಿದ್ದಂತೆ ತಲೆಯೆತ್ತಿದಳು. ಕಿವಿಗೆ ಬೆರಳಿಟ್ಟು ಕೇಳಿದಳು. “ಶಭಾಷ್ ಅಂತಿದೆ ಮೇಡಂ. ಐದು ಎಂಎಲ್ ಕೊಟ್ಟಾಯ್ತು, ಮುಂದಿನ ರೋಗಿಗೆ ಹೋಗಿ ಅಂತಿದೆ.” ಆಮೇಲೆ ಅವಳ ದನಿಯೇ ಬದಲಾಯಿತು. “ಮೇಡಂ, ಈ ಬಾಟಲಿ ಬೆಳಿಗ್ಗೆ ಎಲ್ಲಾ ವಾರ್ಡಿಗೂ ಹೋಗಿದೆ!”

ಮೇಡಂ ಹೊರಗೋಡಿದರು. ಆ ವಯಸ್ಸಿನಲ್ಲಿ, ಚಪ್ಪಲಿ ಎಲ್ಲೋ ಬಿಟ್ಟು, ನುಣುಪಾದ ಕಾರಿಡಾರಿನಲ್ಲಿ ಜಾರುತ್ತ ಓಡಿದರು. ಹುಡುಗಿ ಅವರ ಹಿಂದೆ. ಮಹಿಳೆಯರ ವಾರ್ಡಿನ ಬಾಗಿಲು ತಳ್ಳಿದರೆ, ಕಿಟಕಿಯ ಬಳಿಯ ಹಾಸಿಗೆಯ ಪಕ್ಕ ಒಬ್ಬಳು ತುಂಬಿದ ಸಿರಿಂಜನ್ನು ಮೇಲಕ್ಕೆ ಹಿಡಿದು ಗುಳ್ಳೆ ತಟ್ಟುತ್ತಿದ್ದಳು. ಮೇಡಂ ಕೈಕಟ್ಟಲಿಲ್ಲ, ಕಾಯಲಿಲ್ಲ.

“ತಪ್ಪು!” ಎಂದು ವಾರ್ಡೆಲ್ಲ ಅದುರುವಂತೆ ಅರಚಿದರು. “ತಪ್ಪು ಕಣೇ! ಐದಲ್ಲ, ಅರ್ಧ!”

ಹಾಸಿಗೆಗಳ ಮೇಲಿನ ತಲೆಗಳೆಲ್ಲ ಎದ್ದವು. ಸಿರಿಂಜಿನವಳು ಮಾತ್ರ ತಿರುಗಲಿಲ್ಲ. ಸುಮ್ಮನಿರಿ ಎಂದು ಒಂದು ಕೈಯನ್ನು ಹಿಂದಕ್ಕೆ ಆಡಿಸಿ, “ಶ್… ಮೆಲ್ಲಗೆ ಅಮ್ಮ” ಎಂದಳು. “ನಮ್ಮ ಮೇಡಂ ಮಾತಾಡ್ತಾ ಇದ್ದಾರೆ.”

ಹಿಂದಿನಿಂದ ಓಡಿ ಬಂದ ಹುಡುಗಿ ಅವಳ ಕೈಯನ್ನು ತಡೆದು, ಕಿವಿಯಿಂದ ಗುಂಡಿ ಕಿತ್ತು ಹಾಕಿದಳು.

“ಈಗ ಕೇಳು” ಎಂದಳು.